ಸಿವಿಟಿ ತೆಗೆದು ಗಟ್ಟಿಮುಟ್ಟಾದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಬಹುದಾ?

ಪ್ರಶ್ನೆ: ನನ್ನದು 2 ಲೀಟರ್ ಪೆಟ್ರೋಲ್ ಎಂಜಿನ್ನಿನ ಫ್ರಂಟ್ ವೀಲ್ ಡ್ರೈವ್ ಸೆಡಾನ್. ಗೇರ್‌ಬಾಕ್ಸ್ ಸಿವಿಟಿ, ಅಂದರೆ ಹಂತಗಳಿಲ್ಲದೆ ಗೇರ್ ಅನುಪಾತ ಬದಲಾಗುತ್ತಾ ಹೋಗುವ ಆಟೋಮ್ಯಾಟಿಕ್. ಮೊದಲ ಸಲ ಕೆಟ್ಟಾಗ ಸೆಕೆಂಡ್ ಹ್ಯಾಂಡ್ ಸಿವಿಟಿಯನ್ನೇ ಹಾಕಿಸಿದೆ. ಈಗ ಅದೂ ಬಿಸಿಯಾದ ಮೇಲೆ ಸ್ಲಿಪ್ ಆಗುತ್ತಿದೆ, ಕೊಂಯ್ ಅಂತ ಸದ್ದು ಬರುತ್ತಿದೆ. ಎಂಜಿನ್, ಬಾಡಿ ಎರಡೂ ಚೆನ್ನಾಗಿವೆ, ಕಾರು ಮಾರೋಕೆ ಮನಸ್ಸಿಲ್ಲ. ಇದೇ ಕಾರಿನ ಹಿಂದಿನ ಮಾಡೆಲ್‌ನಲ್ಲಿ ಇದೇ ಎಂಜಿನ್ ಜೊತೆ 4-ಸ್ಪೀಡ್ ಆಟೋಮ್ಯಾಟಿಕ್ ಬರುತ್ತಿತ್ತು. ಅದು ಕೆಡೋದು ಕಡಿಮೆ ಅಂತಾರೆ. ಅದನ್ನು ತಂದು ಕೂರಿಸಬಹುದಾ? ಬೋಲ್ಟ್‌ಗಳು ಸರಿಯಾಗಿ ಕೂರುತ್ತವೆ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ.

ಉತ್ತರ: ಕೂರಿಸಬಹುದು. ಆದರೆ ಹೂಂ ಅನ್ನುವ ಮುಂಚೆ ನಿಮ್ಮ ಎರಡನೇ ಗೇರ್‌ಬಾಕ್ಸ್ ಯಾಕೆ ಕೆಟ್ಟಿತು ಅನ್ನೋದು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಮೂರನೆಯದನ್ನು ಹಾಕಿದರೆ ಅದೂ ಅದೇ ಕಾರಣಕ್ಕೆ ಕೆಡಬಹುದು, ಅದು ಎಂಥ ಗಟ್ಟಿ ಗೇರ್‌ಬಾಕ್ಸ್ ಆದರೂ ಸರಿ. ಬದಲಾವಣೆಗೆ ಹೊರಟ ಹೆಚ್ಚಿನವರು ಈ ಪ್ರಶ್ನೆ ಕೇಳಿಕೊಳ್ಳೋದೇ ಇಲ್ಲ. ಹಾಗಾಗಿ ಮೊದಲು ಇದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಸಿವಿಟಿಯೊಳಗೆ ಎರಡು ಪುಲ್ಲಿಗಳಿರುತ್ತವೆ. ಒಂದೊಂದು ಪುಲ್ಲಿಯೂ ಎದುರುಬದುರು ಕೂತ ಎರಡು ಶಂಕುಗಳಿಂದ ಆದದ್ದು. ಅವುಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ನೂರಾರು ಸಣ್ಣ ಉಕ್ಕಿನ ಬಿಲ್ಲೆಗಳನ್ನು ಪಟ್ಟಿಗೆ ಪೋಣಿಸಿ ಮಾಡಿದ ಬೆಲ್ಟ್ ಅದು. ಶಂಕುಗಳು ಹತ್ತಿರ ಬಂದರೆ ಬೆಲ್ಟ್ ಮೇಲಕ್ಕೇರುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಗೇರ್ ಬದಲಾಗೋದು ಹೀಗೆ. ಎಂಜಿನ್ನಿನ ಇಡೀ ಶಕ್ತಿ ದಾಟೋದು ಉಕ್ಕಿಗೆ ಉಕ್ಕು ಒತ್ತಿ ಹಿಡಿದ ಆ ಸಣ್ಣ ಅಂಚಿನಲ್ಲಿ. ಒತ್ತಿ ಹಿಡಿಯೋದು ಆಯಿಲ್ ಪ್ರೆಶರ್. ಪ್ರೆಶರ್ ಸಾಲದೆ ಹೋದರೆ ಬೆಲ್ಟ್ ಜಾರುತ್ತದೆ, ಜಾರಿದ ಕಡೆ ಪುಲ್ಲಿಗೆ ಗೀರು ಬೀಳುತ್ತದೆ. ಗೀರಿನಿಂದ ಎದ್ದ ಉಕ್ಕಿನ ಪುಡಿ ಆಯಿಲ್ ಜೊತೆ ಸುತ್ತುತ್ತಾ ಆಯಿಲ್ ಪ್ರೆಶರ್ ಹಂಚುವ ವಾಲ್ವ್ ಬಾಡಿಗೆ ಹೋಗುತ್ತದೆ. ಅಲ್ಲಿ ವಾಲ್ವ್ ಸಿಕ್ಕಿಕೊಂಡರೆ ಪ್ರೆಶರ್ ಇನ್ನೂ ಕಡಿಮೆ, ಜಾರೋದು ಇನ್ನೂ ಜಾಸ್ತಿ.

ಆ ಪುಡಿ ಗೇರ್‌ಬಾಕ್ಸ್ ಒಳಗಷ್ಟೇ ಉಳಿಯೋದಿಲ್ಲ. ಆಯಿಲ್ ತಣ್ಣಗಾಗೋಕೆ ಹೊರಗೆ ಹೋಗುತ್ತದಲ್ವಾ, ಪೈಪ್‌ಗಳಲ್ಲಿ, ಕೂಲರ್‌ನ ಕಿರಿದಾದ ಸಂದುಗಳಲ್ಲಿ ಕೂತುಬಿಡುತ್ತದೆ. ಮೊದಲ ಗೇರ್‌ಬಾಕ್ಸ್ ಇಳಿಸಿ ಎರಡನೆಯದನ್ನು ಏರಿಸಿದಾಗ ಹಳೇ ಕೂಲರನ್ನೇ ಉಳಿಸಿಕೊಂಡಿದ್ದರೆ, ಹಳೆಯದರ ಪುಡಿ ಮೊದಲ ದಿನದಿಂದಲೇ ಹೊಸದರೊಳಗೆ ಸೇರಿದೆ. ನಿಮ್ಮ ವಿಷಯದಲ್ಲಿ ನನಗೆ ಮೊದಲ ಅನುಮಾನ ಇದರ ಮೇಲೆಯೇ. ಹಳೇ ಬಿಲ್ ತೆಗೆದು ನೋಡಿ. ಕೂಲರ್ ಬದಲಾಯಿಸಿದ ಲೆಕ್ಕ ಅದರಲ್ಲಿದೆಯಾ? "ಫ್ಲಶ್ ಮಾಡಿದ್ದೇವೆ" ಅಂದರೆ ಸಾಲದು. ಲೋಹದ ಪುಡಿ ಕಂಡ ಗೇರ್‌ಬಾಕ್ಸಿನ ಕೂಲರನ್ನು ನಾನು ತೊಳೆಸೋದಿಲ್ಲ, ಎಸೆಯಿಸುತ್ತೇನೆ.

ಎರಡನೇ ಅನುಮಾನ ಆಯಿಲ್ ಮೇಲೆ. ಸಿವಿಟಿಗೆ ಬೇಕಾದ್ದು ಸಿವಿಟಿ ಫ್ಲೂಯಿಡ್. ಉಕ್ಕಿಗೆ ಉಕ್ಕು ಹಿಡಿತ ಕೊಡುವಂತೆ ಅದನ್ನು ಮಾಡಿರುತ್ತಾರೆ. ಸಾಮಾನ್ಯ ಆಟೋಮ್ಯಾಟಿಕ್‌ಗೆ ಹಾಕುವ ಎಟಿಎಫ್ ಬೇರೆಯೇ ಕೆಲಸಕ್ಕೆ ಮಾಡಿದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ. ಇದು ಸಿವಿಟಿಗೆ ಮಾತ್ರ ಅನ್ನಬೇಡಿ. ಕ್ರೈಸ್ಲರ್ 1989ರ ಮಾಡೆಲ್‌ಗಳಲ್ಲಿ ತಂದ 4-ಸ್ಪೀಡ್ ಎ604 ಗೇರ್‌ಬಾಕ್ಸ್‌ಗೆ ಅದರದ್ದೇ ಆದ ಫ್ಲೂಯಿಡ್ ಬೇಕಿತ್ತು. ಆ ಕಾಲದಲ್ಲಿ ಎಲ್ಲ ಕಡೆ ಸಿಗುತ್ತಿದ್ದ ಡೆಕ್ಸ್‌ರಾನ್ ಅನ್ನೋ ಎಟಿಎಫ್ ಹಾಕಿಸಿಕೊಂಡವರು ಜರ್ಕ್, ನಡುಕ ಅಂತ ಶುರುವಾಗಿ ಗೇರ್‌ಬಾಕ್ಸನ್ನೇ ಕಳಕೊಂಡರು. ಆ ಗೇರ್‌ಬಾಕ್ಸಿನಲ್ಲಿ ಬೇರೆ ದೋಷಗಳೂ ಇದ್ದವು, ನಿಜ. ಆದರೆ ತಪ್ಪು ಆಯಿಲ್ ಅದರ ಹೆಸರು ಕೆಡಿಸಿದ್ದರಲ್ಲಿ ದೊಡ್ಡ ಪಾಲು ಪಡೆಯಿತು.

ಮೂರನೆಯದು ರೇಡಿಯೇಟರ್. ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸ್ ಕೂಲರ್ ಇರೋದು ರೇಡಿಯೇಟರಿನ ಟ್ಯಾಂಕ್ ಒಳಗೇ. ಅದು ಒಳಗೊಳಗೇ ತೂತಾದರೆ ಕೂಲಂಟ್ ಆಯಿಲ್ ಜೊತೆ ಸೇರುತ್ತದೆ. ಕೂಲಂಟಿನಲ್ಲಿರುವ ಗ್ಲೈಕಾಲ್ ಕ್ಲಚ್ ಪ್ಲೇಟಿನ ಲೈನಿಂಗ್ ಹಿಡಿದಿರುವ ಅಂಟನ್ನೇ ಬಿಡಿಸುತ್ತದೆ. ಡಿಪ್‌ಸ್ಟಿಕ್ ಅಥವಾ ಡ್ರೈನ್ ಬೋಲ್ಟ್‌ನಿಂದ ಸ್ವಲ್ಪ ಆಯಿಲ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಹಾಲು ಬೆರೆಸಿದಂತೆ ಮಂಜಾಗಿದ್ದರೆ ಗೇರ್‌ಬಾಕ್ಸ್ ಬದಲಾವಣೆಯ ಮಾತು ಆಮೇಲೆ, ಮೊದಲು ರೇಡಿಯೇಟರ್.

ಈ ಮೂರನ್ನೂ ನೋಡಿದ ಮೇಲೆ ನಿಮ್ಮ ಮೂಲ ಪ್ರಶ್ನೆಗೆ ಬರೋಣ.

4-ಸ್ಪೀಡ್ ಗಟ್ಟಿ ಅನ್ನೋದು ಬರೀ ಮಾತಲ್ಲ, ಅದಕ್ಕೆ ಕಾರಣ ಇದೆ. ಅದರಲ್ಲಿ ಶಕ್ತಿ ದಾಟೋದು ಪ್ಲಾನೆಟರಿ ಗೇರ್‌ಗಳ, ಅಂದರೆ ನಡುವಿನ ಗೇರಿನ ಸುತ್ತ ಸಣ್ಣ ಗೇರ್‌ಗಳು ಕೂತ ಜೋಡಣೆಯ, ಹಲ್ಲಿನಿಂದ. ಆ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಗೇರ್ ಬದಲಾಯಿಸೋದು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಪ್ಲೇಟ್‌ಗಳು. ಸವೆಯೋದು ಅವು, ಮತ್ತು ಅವು ಹೇಳಿ ಸವೆಯುತ್ತವೆ: ಮೊದಲು ಗೇರ್ ಬೀಳೋದು ತಡ, ಆಮೇಲೆ ಸ್ವಲ್ಪ ಸ್ಲಿಪ್, ಆಯಿಲ್ ಸುಟ್ಟ ವಾಸನೆ. ಪ್ಲೇಟ್, ಸೀಲ್ ಬದಲಾಯಿಸಿದರೆ ಮತ್ತೆ ಓಡುತ್ತದೆ. ಸಿವಿಟಿಯಲ್ಲಿ ಪುಲ್ಲಿ ಗೀರು ಬಿದ್ದ ಮೇಲೆ ಪುಲ್ಲಿ, ಬೆಲ್ಟ್ ಎರಡೂ ಬೇಕು. ಅಷ್ಟು ಖರ್ಚು ಮಾಡೋಕೆ ಹೆಚ್ಚಿನ ಗ್ಯಾರೇಜ್‌ಗಳು ಒಪ್ಪೋದೇ ಇಲ್ಲ, ಇಡೀ ಗೇರ್‌ಬಾಕ್ಸ್ ಬದಲಾಯಿಸಿ ಅಂತಾರೆ.

ಹಾಗಂತ ಹಳೇ ಥರದ್ದೆಲ್ಲ ಗಟ್ಟಿ ಅಂದುಕೊಳ್ಳಬೇಡಿ. ಜನರಲ್ ಮೋಟರ್ಸ್‌ನ 4ಎಲ್60ಇ ಸಾಮಾನ್ಯ ಓಡಾಟಕ್ಕೆ ಒಳ್ಳೆಯದೇ. ಆದರೆ ಶಕ್ತಿ ಹೆಚ್ಚಿಸಿದ ಎಂಜಿನ್ನಿಗೆ ಜೋಡಿಸಿದರೆ ಅದರ 3 ಮತ್ತು 4ನೇ ಗೇರಿನ ಕ್ಲಚ್ ಸುಡುತ್ತದೆ, ನಡುವಿನ ಗೇರನ್ನು ಹಿಡಿದಿರುವ ಸನ್ ಶೆಲ್ ಅನ್ನೋ ಭಾಗ ಒಡೆಯುತ್ತದೆ. ಹಾಗಾಗಿ ಅದನ್ನು ತೆಗೆದು 4ಎಲ್80ಇ ಹಾಕೋದು ತುಂಬಾ ಜನ ಮಾಡಿದ, ಚೆನ್ನಾಗಿ ಪಳಗಿದ ಬದಲಾವಣೆ. ಹೆಸರಿನಲ್ಲೇ ವಿಷಯ ಇದೆ: 4 ಅಂದರೆ ನಾಲ್ಕು ಗೇರ್, ಎಲ್ ಅಂದರೆ ಉದ್ದಕ್ಕೆ ಕೂರುವಂಥದ್ದು, 60 ಅಥವಾ 80 ಅಂದರೆ ತಾಳಿಕೆಯ ಮಟ್ಟ, ಇ ಅಂದರೆ ಎಲೆಕ್ಟ್ರಾನಿಕ್. 1964ರಲ್ಲಿ ಬಂದ ಟರ್ಬೋ 400 ಅನ್ನೋ ಹಳೇ ಮೂರು ಗೇರಿನ ಗೇರ್‌ಬಾಕ್ಸೇ 4ಎಲ್80ಇಗೆ ಮೂಲ.

ನಿಮ್ಮ ಕಾರಿಗೆ ಇದು ಕೂರೋದಿಲ್ಲ. ಆದರೂ ಈ ಉದಾಹರಣೆ ಎತ್ತಿದ್ದಕ್ಕೆ ಕಾರಣ ಇದೆ. ಇಷ್ಟು ಪಳಗಿದ ಬದಲಾವಣೆಯಲ್ಲೂ ಏನೇನು ಬದಲಾಗುತ್ತದೆ ನೋಡಿ. 80 ಹೆಚ್ಚು ಉದ್ದ, ಹೆಚ್ಚು ತೂಕ. ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಬೇಕು, ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ ಹಿಂದಕ್ಕೆ ಸರಿಯಬೇಕು, ವೈರಿಂಗ್ ಬದಲಾಗಬೇಕು, ಕಂಪ್ಯೂಟರ್ ಮತ್ತೆ ಪ್ರೋಗ್ರಾಂ ಆಗಬೇಕು. ಇಷ್ಟೆಲ್ಲ ಆದ ಮೇಲೆ ಓಡಿಸಿದವರು "ಪಿಕಪ್ ಹೋಯ್ತಲ್ಲ" ಅಂತಾರೆ. ಯಾಕೆಂದರೆ 60ರ ಮೊದಲ ಗೇರಿನ ಅನುಪಾತ 3.06, 80ರದ್ದು 2.48. ಅಂದರೆ ನಿಂತ ಕಡೆಯಿಂದ ಹೊರಡುವಾಗ ಎಳೆತ ಸುಮಾರು 19 ಶೇಕಡಾ ಕಡಿಮೆ. ಕೊನೆಯ ಗೇರ್ 0.70 ಇದ್ದದ್ದು 0.75 ಆಗುತ್ತದೆ, ಅದೇ ವೇಗಕ್ಕೆ ಎಂಜಿನ್ 7 ಶೇಕಡಾ ಜಾಸ್ತಿ ಸುತ್ತುತ್ತದೆ. ಹೊರಡುವ ಎಳೆತ ವಾಪಸ್ ಬರಲಿ ಅಂತ ಹಿಂದಿನ ಆಕ್ಸಲ್‌ನ ಅನುಪಾತ ಬದಲಾಯಿಸಿದರೆ ಹೈವೇಯಲ್ಲಿ ಎಂಜಿನ್ ಸುತ್ತು ಇನ್ನೂ ಏರುತ್ತದೆ. ಎರಡೂ ಒಟ್ಟಿಗೆ ಸಿಗೋದಿಲ್ಲ.

ನಿಮ್ಮ ಸಿವಿಟಿಗೂ ಇದೇ ಲೆಕ್ಕ ಹಾಕಬೇಕು. ನಿಮ್ಮ ಕಾರಿನಂಥ ಕಾರುಗಳ ಸಿವಿಟಿಗಳಲ್ಲಿ ಅತಿ ಕೆಳಗಿನ ಗೇರ್‌ಗೂ ಅತಿ ಮೇಲಿನದಕ್ಕೂ ಸುಮಾರು 6 ಪಟ್ಟು ಅಂತರ ಇರುತ್ತದೆ. 4-ಸ್ಪೀಡಿನಲ್ಲಿ ಅದು ಸುಮಾರು 4 ಪಟ್ಟು. ಹಾಗಾಗಿ ಬದಲಾಯಿಸಿದ ಮೇಲೆ ಹೈವೇಯಲ್ಲಿ ಎಂಜಿನ್ ಸದ್ದು ಜಾಸ್ತಿಯಾಗುತ್ತದೆ, ಮೈಲೇಜ್ ಇಳಿಯುತ್ತದೆ. ಇದು ಕೆಲಸ ಕೆಟ್ಟದ್ದರ ಗುರುತಲ್ಲ, ಆ ಗೇರ್‌ಬಾಕ್ಸ್ ಇರೋದೇ ಹಾಗೆ. ಇದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಮುಂದೆ ಹೋಗಿ.

ಈಗ ಬೋಲ್ಟಿನ ವಿಷಯ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯಿರಬಹುದು. ಎಂಜಿನ್ ಅದೇ ಆದರೆ ಬೆಲ್ ಹೌಸಿಂಗ್, ಅಂದರೆ ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸಿನ ಅಗಲ ಬಾಯಿಯ, ಬೋಲ್ಟ್‌ಗಳು ಕೂರುತ್ತವೆ. ಆದರೆ ಬದಲಾವಣೆಯಲ್ಲಿ ಅದು ಸುಲಭದ ಭಾಗ. ಎಡಬಲದ ಆಕ್ಸಲ್‌ಗಳ ಉದ್ದ, ಅವುಗಳ ತುದಿಯ ಹಲ್ಲು, ಗೇರ್‌ಬಾಕ್ಸ್ ಮೌಂಟ್, ಎಂಜಿನ್ನಿನ ಸುತ್ತನ್ನು ಗೇರ್‌ಬಾಕ್ಸ್ ಕಡೆಗೆ ದಾಟಿಸುವ ಫ್ಲೆಕ್ಸ್ ಪ್ಲೇಟ್, ಗೇರ್ ಕೇಬಲ್, ಕೂಲರ್ ಪೈಪ್, ಇವೆಲ್ಲ ಬೇರೆಯಿರುತ್ತವೆ. ಇವನ್ನೂ ಹೊಂದಿಸಬಹುದು. ಕೆಲಸ ಕೈಕೊಡೋದು ವೈರಿಂಗ್‌ನಲ್ಲಿ.

ನಿಮ್ಮ ಕಾರಿನಲ್ಲಿ ಎಂಜಿನ್ ಕಂಪ್ಯೂಟರೂ ಗೇರ್‌ಬಾಕ್ಸ್ ಕಂಪ್ಯೂಟರೂ, ಅಂದರೆ ಇಸಿಯು ಮತ್ತು ಟಿಸಿಎಂ, ಒಂದೇ ಜೋಡಿ ತಂತಿಯ ಮೇಲೆ ಎಡೆಬಿಡದೆ ಮಾತಾಡಿಕೊಳ್ಳುತ್ತಿರುತ್ತವೆ. ಇದಕ್ಕೆ ಕ್ಯಾನ್ ಬಸ್ ಅಂತಾರೆ. ಅಮೆರಿಕದಲ್ಲಿ 2008ರ ಮಾಡೆಲ್‌ನಿಂದ ಕಾರಿನ ದೋಷ ಪರೀಕ್ಷೆಗೆ ಇದು ಕಡ್ಡಾಯವಾಯಿತು, ಈಗಂತೂ ಎಲ್ಲ ಕಡೆ ಇದೇ. 4-ಸ್ಪೀಡಿನ ಟಿಸಿಎಂ ಗೇರ್ ಬದಲಾಯಿಸುವ ಗಳಿಗೆಯಲ್ಲಿ "ಸ್ವಲ್ಪ ಶಕ್ತಿ ಇಳಿಸು" ಅಂತ ಇಸಿಯುಗೆ ಹೇಳುತ್ತದೆ. ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆಳೆದು ಅಷ್ಟು ಹೊತ್ತು ಶಕ್ತಿ ತಗ್ಗಿಸುತ್ತದೆ. ನಿಮ್ಮ ಇಸಿಯು ಸಿವಿಟಿಗೆ ಬರೆದದ್ದು, ಅದಕ್ಕೆ ಈ ಮಾತು ಅರ್ಥವಾಗದೇ ಇರಬಹುದು. ಆಗ ಪ್ರತಿ ಗೇರಿಗೂ ಜರ್ಕ್ ಹೊಡೆಯುತ್ತದೆ, ಕ್ಲಚ್ ಪ್ಲೇಟ್ ಬೇಗ ಸುಡುತ್ತದೆ. ಗಟ್ಟಿ ಗೇರ್‌ಬಾಕ್ಸ್ ಅಂತ ತಂದದ್ದನ್ನು ನಾವೇ ಹಾಳು ಮಾಡಿದಂತಾಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಸಿವಿಟಿಯ ಟಿಸಿಎಂ ಕಾಣಿಸದಿದ್ದರೆ ಇಸಿಯು ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡೋದೇ ಇಲ್ಲ. ಸ್ಕ್ಯಾನರ್ ಹಾಕಿದರೆ ಪಿ0700 ಅನ್ನೋ ದೋಷದ ಕೋಡ್ ಕಾಣಿಸಬಹುದು. ಅದರ ಅರ್ಥ ಇಷ್ಟೇ: ಗೇರ್‌ಬಾಕ್ಸ್ ಕಡೆ ಏನೋ ತೊಂದರೆ ಇದೆ, ಟಿಸಿಎಂ ಒಳಗೆ ನೋಡು. ಅಷ್ಟನ್ನೇ ನೋಡಿ ಪಾರ್ಟ್ ಬದಲಾಯಿಸಲು ಹೊರಡುವವರನ್ನು ತಡೆಯಿರಿ.

ಮೀಟರಿನಲ್ಲಿ ಗೇರ್ ತೋರಿಸೋದು, ಸ್ಪೀಡ್ ಸಿಗ್ನಲ್, ಕ್ರೂಸ್ ಕಂಟ್ರೋಲ್, ರಿವರ್ಸ್ ಲೈಟ್, ಎಬಿಎಸ್, ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಎಲ್ಲವೂ ಈ ಮಾತುಕತೆಯಲ್ಲಿ ಸೇರಿಕೊಂಡಿವೆ. ಇವುಗಳಲ್ಲಿ ಎರಡನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಒಂದು, ಲಿವರ್ ಪಿ (ಪಾರ್ಕ್) ಅಥವಾ ಎನ್‌ (ನ್ಯೂಟ್ರಲ್) ನಲ್ಲಿ ಇದ್ದಾಗ ಮಾತ್ರ ಸ್ಟಾರ್ಟರ್ ತಿರುಗಬೇಕು. ವೈರಿಂಗ್ ಹೊಂದಲಿಲ್ಲ ಅಂತ ಆ ಸ್ವಿಚ್ಚನ್ನು ಬೈಪಾಸ್ ಮಾಡುವವರಿದ್ದಾರೆ. ಗೇರಿನಲ್ಲಿದ್ದ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಮುಂದೆ ಜಿಗಿಯುತ್ತದೆ, ಎದುರಿಗೆ ಮಗು ನಿಂತಿರಬಹುದು. ಎರಡು, ಲಿವರ್ ಪಿಗೆ ಹಾಕಿದಾಗ ಒಳಗೆ ನಿಜವಾಗಿಯೂ ಪಾರ್ಕಿಂಗ್ ಕೊಕ್ಕೆ ಬೀಳಬೇಕು. ಕೇಬಲ್ ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಲಿವರ್ ಪಿ ತೋರಿಸುತ್ತದೆ, ಕಾರು ಇಳಿಜಾರಿನಲ್ಲಿ ಉರುಳುತ್ತದೆ. ಕಾರು ವಾಪಸ್ ತೆಗೆದುಕೊಳ್ಳುವ ಮುಂಚೆ ಇಳಿಜಾರಿನಲ್ಲಿ ಕಾಲನ್ನು ಬ್ರೇಕ್ ಹತ್ತಿರವೇ ಇಟ್ಟುಕೊಂಡು ಪರೀಕ್ಷೆ ಮಾಡಿ.

ಹಾಗಾದರೆ ದಾರಿ? ಬಿಡಿ ಗೇರ್‌ಬಾಕ್ಸ್ ತರಬೇಡಿ, ಪೂರ್ತಿ ಡೋನರ್ ಕಾರನ್ನೇ, ಅಂದರೆ ಬಿಚ್ಚಿ ಭಾಗಗಳನ್ನು ತೆಗೆದುಕೊಳ್ಳಬಹುದಾದ ಕಾರನ್ನು, ಹುಡುಕಿ. ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಂದ, ಅದೇ ಎಂಜಿನ್ನಿನ 4-ಸ್ಪೀಡ್ ಕಾರು ಸಿಕ್ಕರೆ ಒಳ್ಳೆಯದು. ಗೇರ್‌ಬಾಕ್ಸ್, ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್, ಫ್ಲೆಕ್ಸ್ ಪ್ಲೇಟ್, ಆಕ್ಸಲ್, ಮೌಂಟ್, ಲಿವರ್, ಕೇಬಲ್ ಜೊತೆಗೆ ಇಸಿಯು, ಟಿಸಿಎಂ, ಇಮ್ಮೊಬಿಲೈಸರ್, ಕೀ, ಎಂಜಿನ್ ವೈರಿಂಗ್ ಎಲ್ಲವನ್ನೂ ಒಂದೇ ಕಾರಿನಿಂದ ತೆಗೆಯಿರಿ. ಆಗ ಕಂಪ್ಯೂಟರ್‌ಗಳು ಒಂದಕ್ಕೊಂದು ಪರಿಚಯ ಇರುವಂಥವು. ನಿಮ್ಮ ಕಾರಿನ ಮೀಟರ್, ಎಬಿಎಸ್ ಜೊತೆ ಅವು ಹೊಂದುತ್ತವಾ ಅನ್ನೋದನ್ನು ಕಾರು ಬಿಚ್ಚುವ ಮೊದಲೇ ಎರಡೂ ಮಾಡೆಲ್‌ಗಳ ವೈರಿಂಗ್ ಡಯಾಗ್ರಾಂ ಪಕ್ಕಪಕ್ಕ ಇಟ್ಟು ನೋಡಬೇಕು. ಆ ಡಯಾಗ್ರಾಂ ಓದೋಕೆ ಬರುವ ಆಟೋ ಎಲೆಕ್ಟ್ರಿಷಿಯನ್ ಜೊತೆಗಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ ಅನ್ನೋದು ನನ್ನ ಖಡಾಖಂಡಿತ ಮಾತು.

ಡೋನರ್ ಓಡಿಸುವ ಸ್ಥಿತಿಯಲ್ಲಿದ್ದರೆ ಬಿಸಿಯಾಗುವವರೆಗೆ ಓಡಿಸಿ ನೋಡಿ. ಇಲ್ಲದಿದ್ದರೆ ಗೇರ್‌ಬಾಕ್ಸಿನ ತಳದ ಆಯಿಲ್ ಪ್ಯಾನ್ ಬಿಚ್ಚಿಸಿ. ಒಳಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಕೆಸರು ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ, ಅಥವಾ ಪ್ಯಾನಿನ ತಳದಲ್ಲಿ ಕಪ್ಪು ಲೈನಿಂಗ್ ಪುಡಿ ದಪ್ಪಗೆ ಕೂತಿದ್ದರೆ ಬಿಟ್ಟುಬಿಡಿ. ಓಡಿದ ಕಿಲೋಮೀಟರಿಗಿಂತ ಈ ಪ್ಯಾನ್ ಹೆಚ್ಚು ನಿಜ ಹೇಳುತ್ತದೆ. ಚೆನ್ನಾಗಿದ್ದರೂ ಏರಿಸುವ ಮುಂಚೆ ಸೀಲ್, ಫಿಲ್ಟರ್ ಹೊಸದಾಗಿ ಹಾಕಿಸಿ. ಗೇರ್‌ಬಾಕ್ಸ್ ನೆಲದ ಮೇಲಿರುವಾಗ ಇದು ಸಣ್ಣ ಕೆಲಸ, ಏರಿಸಿದ ಮೇಲೆ ಸೀಲ್ ಸೋರಿದರೆ ಮತ್ತೆ ಎಲ್ಲ ಇಳಿಸಬೇಕು.

ಡೋನರ್ ಸಿಗಲಿಲ್ಲ ಅಥವಾ ವೈರಿಂಗ್ ಹೊಂದೋದಿಲ್ಲ ಅಂತಾದರೆ ಎರಡು ದಾರಿ ಉಳಿಯುತ್ತವೆ. ಒಂದು, ಸರಿಯಾಗಿ ಓವರ್‌ಹಾಲ್ ಆದ ಅದೇ ಸಿವಿಟಿ. ಪುಲ್ಲಿ, ಬೆಲ್ಟ್, ವಾಲ್ವ್ ಬಾಡಿ ಹೊಸದು, ಕೂಲರ್ ಹೊಸದು, ಜೊತೆಗೆ ಗಾಳಿಗೆ ಎದುರಾಗಿ ಕೂರುವ ಇನ್ನೊಂದು ಕೂಲರ್, ಸರಿಯಾದ ಫ್ಲೂಯಿಡ್. ನಿಮ್ಮ ಎರಡನೇ ಗೇರ್‌ಬಾಕ್ಸ್ ಕೆಟ್ಟಿದ್ದು ಹಳೇ ಕೂಲರಿನ ಪುಡಿಯಿಂದ ಅಂತ ಖಚಿತವಾದರೆ ನಾನು ಈ ದಾರಿಯನ್ನೇ ಮೊದಲು ಹೇಳುತ್ತೇನೆ. ಕಾರು ತನ್ನ ಮೂಲ ಸ್ಥಿತಿಯಲ್ಲೇ ಉಳಿಯುತ್ತದೆ, ಕಾಗದಪತ್ರದ ತಲೆನೋವಿಲ್ಲ. ಇನ್ನೊಂದು, ಇದೇ ಮಾಡೆಲ್‌ನಲ್ಲಿ ಮ್ಯಾನುವಲ್ ಬರುತ್ತಿದ್ದರೆ ಅದು. ಕ್ಲಚ್ ಪೆಡಲ್, ಫ್ಲೈವೀಲ್, ಅದರ ಇಸಿಯು ಎಲ್ಲ ಬೇಕು. ಎಡಗಾಲಿಗೆ ಕೆಲಸ ಬಂದರೂ ಬೇಸರವಿಲ್ಲ ಅನ್ನುವವರಿಗೆ ಬಾಳಿಕೆಯಲ್ಲಿ ಇದನ್ನು ಮೀರಿಸಿದ್ದಿಲ್ಲ. ಬೇರೆ ಕಂಪನಿಯ ಗೇರ್‌ಬಾಕ್ಸ್ ತಂದು ಅಡಾಪ್ಟರ್ ಪ್ಲೇಟ್ ಹಾಕಿ, ಬಿಡಿ ಕಂಟ್ರೋಲರಿನಿಂದ ನಡೆಸುವವರೂ ಇದ್ದಾರೆ. ಜಡ್‌ಎಫ್ ಅನ್ನೋ ಕಂಪನಿಯ 8 ಗೇರಿನ ಗೇರ್‌ಬಾಕ್ಸನ್ನು ಹಾಗೆ ತುಂಬಾ ಜನ ಕೂರಿಸುತ್ತಾರೆ. ಅದು ಎಂಜಿನ್ ಉದ್ದಕ್ಕೆ ಕೂತ ಕಾರುಗಳ, ರೇಸಿಂಗ್ ಹುಚ್ಚಿನವರ ದಾರಿ. ನಿಮ್ಮ ಸೆಡಾನ್‌ಗೆ ಬೇಡ.

ಯಾವ ದಾರಿ ಹಿಡಿದರೂ ಗೇರ್‌ಬಾಕ್ಸಿನ ನಮೂನೆ ಬದಲಾದರೆ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ನೋಂದಣಿ ನಿಯಮವನ್ನೂ ಮೊದಲೇ ಕೇಳಿ.

ಕೊನೆಗೆ, ಏರಿಸುವ ದಿನ ನೀವು ಗ್ಯಾರೇಜಿನಲ್ಲೇ ಇದ್ದು ಒಂದನ್ನು ಕಣ್ಣಾರೆ ನೋಡಿ. ಟಾರ್ಕ್ ಕನ್ವರ್ಟರನ್ನು ಗೇರ್‌ಬಾಕ್ಸ್ ಒಳಗೆ ಕೂರಿಸುವಾಗ ಅದನ್ನು ತಿರುಗಿಸುತ್ತಾ ಒತ್ತಬೇಕು. ಒಳಗಿನ ಶಾಫ್ಟ್‌ಗಳ ಹಲ್ಲುಗಳಿಗೂ ಕೊನೆಗೆ ಆಯಿಲ್ ಪಂಪಿಗೂ ಅದು ಒಂದೊಂದಾಗಿ ಸೇರುತ್ತದೆ. ಪ್ರತಿ ಸಲ ಟಕ್ ಅಂತ ಒಂದಿಷ್ಟು ಒಳಗೆ ಹೋದದ್ದು ಕೈಗೆ ಗೊತ್ತಾಗುತ್ತದೆ. ಕೊನೆಯ ಟಕ್ ಆಗದೆ ಏರಿಸಿದರೆ ಬೆಲ್ ಹೌಸಿಂಗ್ ಎಂಜಿನ್ನಿಗೆ ತಾಗೋದಿಲ್ಲ, ಸಂದು ಉಳಿಯುತ್ತದೆ. ಅವಸರದವರು ಆ ಸಂದನ್ನು ಬೋಲ್ಟ್ ಬಿಗಿದು ಮುಚ್ಚುತ್ತಾರೆ. ಪಂಪ್ ಅಲ್ಲೇ ಮುರಿಯುತ್ತದೆ. ಸರಿಯಾಗಿ ಕೂತಿದ್ದರೆ ಬೆಲ್ ಹೌಸಿಂಗ್ ಕೈಯಿಂದ ತಳ್ಳಿದರೇ ಎಂಜಿನ್ನಿಗೆ ತಾಗುತ್ತದೆ. ಆಗ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಅದಕ್ಕೂ ಫ್ಲೆಕ್ಸ್ ಪ್ಲೇಟಿಗೂ ನಡುವೆ ಕೆಲವು ಮಿಲಿಮೀಟರ್ ಸಂದು ಇರಬೇಕು, ಸಾಮಾನ್ಯವಾಗಿ 3 ರಿಂದ 5. ಆಮೇಲೆ ಕನ್ವರ್ಟರನ್ನು ಮುಂದಕ್ಕೆಳೆದು ಅದರ ಬೋಲ್ಟ್ ಹಾಕೋದು.

ಆಯಿಲ್ ಮಟ್ಟವನ್ನು ಆ ಗೇರ್‌ಬಾಕ್ಸಿನ ಕೈಪಿಡಿ ಹೇಳಿದ ಬಿಸಿಯಲ್ಲೇ ಅಳೆಯಿಸಿ. ಹೆಚ್ಚಿನವಕ್ಕೆ ಎಂಜಿನ್ ಓಡುತ್ತಿರಬೇಕು, ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಹಾಕಿ ತೆಗೆದಿರಬೇಕು. 1,000 ಕಿಲೋಮೀಟರ್ ಆದ ಮೇಲೆ ಪ್ಯಾನ್ ಬಿಚ್ಚಿಸಿ ಅಯಸ್ಕಾಂತ ಮತ್ತೆ ನೋಡಿ, ಆಯಿಲ್ ಬದಲಾಯಿಸಿ. ಕಂಪನಿ "ಜೀವನಪೂರ್ತಿ ಆಯಿಲ್" ಅಂದಿದ್ದರೂ ನಂಬಬೇಡಿ. ಗೇರ್‌ಬಾಕ್ಸ್ ಮಾಡುವ ಜಡ್‌ಎಫ್ ತನ್ನ ಆಟೋಮ್ಯಾಟಿಕ್‌ಗಳಿಗೆ 80,000 ರಿಂದ 1,20,000 ಕಿಲೋಮೀಟರ್ ಒಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ಹಳೇ 4-ಸ್ಪೀಡಿಗೆ ನಾನು ಅದರ ಅರ್ಧಕ್ಕೇ ಬದಲಾಯಿಸಿ ಅನ್ನುತ್ತೇನೆ.